ಪಾಪು ಹೆಸರಲ್ಲಿ ನೀಸಾ ಮಾಡ್ಸೋದಾ, ಬೇಡ್ವಾ?

ಜಪಾನಿನಲ್ಲಿ ಮಗು ಬೆಳೆಸುತ್ತಿರುವ ನಮ್ಮಂಥವರಿಗೆ ಎರಡು ಕಡೆಯಿಂದ ಒಂದೇ ಪ್ರಶ್ನೆ ಬರುತ್ತೆ. ಊರಿನಿಂದ ಅಮ್ಮ ಫೋನ್ ಮಾಡಿ, "ಪಾಪು ಹೆಸರಲ್ಲಿ ಏನಾದ್ರೂ ಇಟ್ಟಿದ್ದೀಯೇನೇ?" ಅಂತಾರೆ. ಅವರ ಲೆಕ್ಕದಲ್ಲಿ ಅದು ಚಿನ್ನ, ಇಲ್ಲಾಂದ್ರೆ ಸುಕನ್ಯಾ ಸಮೃದ್ಧಿ. ಇಲ್ಲಿ ನಿಶಿ-ಕಸಾಯ್‌ನ ಪಾರ್ಕಿನಲ್ಲಿ ಸಿಗುವ ಅಕ್ಕಂದಿರು ಅದನ್ನೇ ಬೇರೆ ಥರ ಕೇಳ್ತಾರೆ: "ಮಕ್ಕಳ ನೀಸಾ ಬರ್ತಿದೆಯಂತಲ್ಲ, ಮಾಡ್ಸ್ತೀರಾ?" ಟೋಕಿಯೋದ ಈ ಭಾಗದಲ್ಲಿ ಐಟಿ ಕೆಲಸಕ್ಕೆ ಬಂದ ಭಾರತೀಯ ಕುಟುಂಬಗಳು ಬಹಳ. ಜಾರುಬಂಡೆ ಪಕ್ಕ ನಿಂತು ಆಡುವ ಮಾತಿನಲ್ಲಿ ಅರ್ಧ ಸ್ಕೂಲಿನದು, ಇನ್ನರ್ಧ ದುಡ್ಡಿನದು.

ನೀಸಾ ಅಂದ್ರೆ ಹೂಡಿಕೆಯ ಲಾಭಕ್ಕೆ ತೆರಿಗೆ ಇಲ್ಲದ ಖಾತೆ. ಬ್ರಿಟನ್ನಿನ ಐಸಾ ನೋಡಿ ಜಪಾನ್ 2014ರಲ್ಲಿ ಶುರು ಮಾಡಿತು. ಮಾಮೂಲಿ ಖಾತೆಯಲ್ಲಿ ಫಂಡ್ ಮಾರಿ ಲಾಭ ಬಂದರೆ ಶೇ 20.315 ತೆರಿಗೆ ಹೋಗುತ್ತೆ, ನೀಸಾದಲ್ಲಿ ಸೊನ್ನೆ. 2024ರಿಂದ ಅದರ ಮಿತಿ ದೊಡ್ಡದಾಯಿತು: ಒಬ್ಬರಿಗೆ ವರ್ಷಕ್ಕೆ 36 ಲಕ್ಷ ಯೆನ್, ಜೀವಮಾನಕ್ಕೆ 1.8 ಕೋಟಿ ಯೆನ್. ಆದರೆ 18 ತುಂಬಿರಬೇಕು.

ಮಕ್ಕಳಿಗೂ ಒಂದಿತ್ತು. 2016ರಲ್ಲಿ ಬಂದ ಜೂನಿಯರ್ ನೀಸಾದಲ್ಲಿ ವರ್ಷಕ್ಕೆ 8 ಲಕ್ಷ ಯೆನ್ ಹಾಕಬಹುದಿತ್ತು. ಮಗು 18ರ ಹತ್ತಿರ ಬರೋವರೆಗೆ ದುಡ್ಡು ಮುಟ್ಟುವ ಹಾಗಿರಲಿಲ್ಲ, ಹಾಗಾಗಿ ಜನ ಅಷ್ಟಾಗಿ ಹತ್ತಿರ ಸುಳಿಯಲಿಲ್ಲ. 2023ರ ಕೊನೆಗೆ ಹೊಸ ಹೂಡಿಕೆ ನಿಂತಿತು. ಈಗ ಮಾತು ಮತ್ತೆ ಎದ್ದಿದೆ. 2025ರ ಡಿಸೆಂಬರ್‌ನಲ್ಲಿ ಹೊರಬಂದ ತೆರಿಗೆ ಸುಧಾರಣೆಯ ರೂಪುರೇಷೆಯಲ್ಲಿ 17 ವರ್ಷದವರೆಗಿನ ಮಕ್ಕಳಿಗೂ ನೀಸಾ ತೆರೆಯುವ ಪ್ರಸ್ತಾವ ಇದೆ: 2027ರಿಂದ, ವರ್ಷಕ್ಕೆ 6 ಲಕ್ಷ ಯೆನ್, ಒಟ್ಟು 60 ಲಕ್ಷ. ಮಗುವಿಗೆ 12 ಆದ ಮೇಲೆ ಅದರ ಒಪ್ಪಿಗೆ ಇದ್ದರೆ ಮಗುವಿನ ಖರ್ಚಿಗೆ ತೆಗೆಯಬಹುದು. ಏಳನೇ ಕ್ಲಾಸಿನ ಹುಡುಗಿ ಹತ್ತಿರ ಅಪ್ಪ-ಅಮ್ಮ ಸಹಿಗೆ ಕಾಯುವುದನ್ನು ನೆನೆಸಿಕೊಂಡರೆ ನಗು ಬರುತ್ತೆ, ಆದರೆ ಯೋಚನೆ ಒಳ್ಳೆಯದೇ.

ನೀಸಾಗೆ ಯಾವ ದೇಶದ ಪಾಸ್‌ಪೋರ್ಟ್ ಅನ್ನೋದು ಮುಖ್ಯ ಅಲ್ಲ, ಜಪಾನಿನಲ್ಲಿ ವಾಸ ಇರಬೇಕು. ನಮ್ಮ ಮಗಳು ಇಲ್ಲೇ ಹುಟ್ಟಿದರೂ ಭಾರತದ ಪ್ರಜೆ. ಅದರಿಂದ ತೊಂದರೆ ಇಲ್ಲ. ತೊಂದರೆ ಇರೋದು ಆ 'ವಾಸ' ಅನ್ನುವ ಪದದಲ್ಲೇ.

ಮೊದಲು ಲಾಭ ಎಷ್ಟು ಅಂತ ನೋಡೋಣ. ಇಲ್ಲಿ ಮಕ್ಕಳ ಭತ್ಯೆ ಕೊಡ್ತಾರೆ, ವಿದೇಶಿಯರ ಮಕ್ಕಳಿಗೂ. 2024ರ ಅಕ್ಟೋಬರ್‌ನಿಂದ ಆದಾಯದ ಮಿತಿಯೂ ಇಲ್ಲ. ಮೂರು ವರ್ಷದವರೆಗೆ ತಿಂಗಳಿಗೆ 15,000 ಯೆನ್, ಆಮೇಲೆ 18ರವರೆಗೆ 10,000. ಅದರಲ್ಲಿ ತಿಂಗಳಿಗೆ ಬರೀ 10,000 ಯೆನ್ ಅಂತ 18 ವರ್ಷ ಹಾಕಿದರೆ ಅಸಲು 21.6 ಲಕ್ಷ. ವರ್ಷಕ್ಕೆ ಶೇ 4ರಷ್ಟು ಬೆಳೆದರೆ (ಬೆಳೆಯುತ್ತೆ ಅಂತ ಯಾರೂ ಗ್ಯಾರಂಟಿ ಕೊಡಲ್ಲ) ಕೊನೆಗೆ ಸುಮಾರು 31.5 ಲಕ್ಷ. ಉಳಿಯುವ ತೆರಿಗೆ ಹತ್ತಿರ ಹತ್ತಿರ 2 ಲಕ್ಷ ಯೆನ್. ಚಿಕ್ಕದಲ್ಲ. ಆದರೆ ಈ 2 ಲಕ್ಷ ಉಳಿಸೋಕೆ ಮಗುವಿನ ಖಾತೆಯೇ ಬೇಕಾ?

ನನ್ನ ಪ್ರಕಾರ ಬೇಡ. ಗಂಡ-ಹೆಂಡತಿ ಇಬ್ಬರ ನೀಸಾ ಸೇರಿಸಿದರೆ 3.6 ಕೋಟಿ ಯೆನ್ ಜಾಗ ಇದೆ. ಬಾಡಿಗೆ, ಡೇ ಕೇರ್, ವರ್ಷಕ್ಕೊಂದು ಸಲ ಬೆಂಗಳೂರಿನ ಟಿಕೆಟ್ ಇಷ್ಟೆಲ್ಲ ಕಳೆದು ಅದನ್ನು ತುಂಬಿಸುವವರು ನಮ್ಮ ಗೆಳೆಯರಲ್ಲಿ ಒಬ್ಬರೂ ಇಲ್ಲ. ನಮ್ಮ ಖಾತೆಯಿಂದ ಯಾವಾಗ ಬೇಕಾದ್ರೂ ತೆಗೆಯಬಹುದು. ಮಾರಿದ ಭಾಗದ ಅಸಲಿನಷ್ಟು ಜಾಗ ಮುಂದಿನ ವರ್ಷ ವಾಪಸ್ ಸಿಗುತ್ತೆ. ಆ ಜಾಗ ತುಂಬೋವರೆಗೆ ತೆರಿಗೆ ಲೆಕ್ಕದಲ್ಲಿ ಮಗುವಿನ ಖಾತೆ ಹೆಚ್ಚಿಗೆ ಏನೂ ಕೊಡಲ್ಲ. ಅದು ಕೊಡೋದು ಬೇರೆ ಎರಡು: ಒಂದು ಬೀಗ, ಇನ್ನೊಂದು ಮಾಲೀಕತ್ವ.

ಮಾಲೀಕತ್ವ ಅಂದ್ರೆ ನಿಜವಾದ ಮಾಲೀಕತ್ವ. ಮಗುವಿನ ಖಾತೆಗೆ ಹಾಕಿದ ದುಡ್ಡು ಕಾನೂನಿನ ಕಣ್ಣಿನಲ್ಲಿ ದಾನ. ಪಡೆಯುವವರಿಗೆ ವರ್ಷಕ್ಕೆ 11 ಲಕ್ಷ ಯೆನ್‌ವರೆಗೆ ದಾನ ತೆರಿಗೆ ಇಲ್ಲ, ಸರಿ. ಆದರೆ ಹೆಸರು ಮಗುವಿನದು, ಪಾಸ್‌ಬುಕ್ಕು, ಸೀಲು, ತೀರ್ಮಾನ ಎಲ್ಲ ಅಪ್ಪನದು ಅಂತಾದರೆ ಮುಂದೆ ತೆರಿಗೆ ಇಲಾಖೆ ಅದನ್ನು ಅಪ್ಪನ ಆಸ್ತಿ ಅಂತಲೇ ನೋಡಬಹುದು. ಇದಕ್ಕೆ ಜಪಾನಿಯಲ್ಲಿ 'ಮೇಗಿ ಯೋಕಿನ್', ಹೆಸರಿಗೆ ಮಾತ್ರದ ಠೇವಣಿ, ಅನ್ನುವ ಮಾತೇ ಇದೆ. ಇತ್ತ ನಿಜವಾಗಿ ಕೊಟ್ಟರೆ 18 ತುಂಬಿದ ದಿನ (ಇಲ್ಲಿ 2022ರಿಂದ ವಯಸ್ಕರಾಗೋದು 18ಕ್ಕೇ) ಅದು ಪೂರ್ತಿ ಅವಳದು. ಕಾಲೇಜಿಗೋ, ಗಿಟಾರಿಗೋ, ಅವಳಿಷ್ಟ.

ಇನ್ನು ನಮ್ಮಂಥವರ ಮನೆಯ ದೊಡ್ಡ ಪ್ರಶ್ನೆ: ಇಲ್ಲೇ ಇರ್ತೀವಾ, ವಾಪಸ್ ಹೋಗ್ತೀವಾ? ನಮ್ಮ ಮನೆಯಲ್ಲಿ ಇದು ಹಬ್ಬಕ್ಕೊಮ್ಮೆ ಬದಲಾಗುತ್ತೆ. ಅತ್ತೆಗೆ ಹುಷಾರಿಲ್ಲ ಅಂದ ದಿನ ಮೈಸೂರು, ಸಂಬಳ ಬಂದ ದಿನ ಟೋಕಿಯೋ.

ಜಪಾನ್ ಬಿಟ್ಟು ಅನಿವಾಸಿ ಆದ ಮೇಲೆ ನೀಸಾದಲ್ಲಿ ಹೊಸದಾಗಿ ಕೊಳ್ಳೋ ಹಾಗಿಲ್ಲ. ಕಂಪನಿಯೇ ಹೊರದೇಶಕ್ಕೆ ಕಳಿಸಿದರೆ ಕೆಲವು ಬ್ರೋಕರ್‌ಗಳು ಐದು ವರ್ಷದವರೆಗೆ ಹಾಗೇ ಇಟ್ಟುಕೊಳ್ಳಲು ಬಿಡ್ತಾರೆ. ಗಂಟುಮೂಟೆ ಕಟ್ಟಿ ಊರಿಗೆ ಹೊರಟವರಿಗೆ ಈ ಸೌಲಭ್ಯ ಅಲ್ಲ. ಅವರು ಖಾತೆ ಮುಚ್ಚಬೇಕು. ದೊಡ್ಡವರ ನೀಸಾ ಆದರೆ ಹೊರಡುವ ಮುಂಚೆ ಮಾರಿ, ತೆರಿಗೆ ಇಲ್ಲದ ಲಾಭ ಜೇಬಿಗೆ ಹಾಕಿಕೊಂಡು ಹೋಗಬಹುದು. ಮಗುವಿನ ಖಾತೆಗೆ 12ರವರೆಗೆ ಬೀಗ ಅಂದ್ರೆ, ಆರನೇ ವರ್ಷಕ್ಕೆ ಮೈಸೂರಿನ ಸ್ಕೂಲಿಗೆ ಸೇರಿಸುವ ಯೋಚನೆ ಇರುವವರು ಖಾತೆ ತೆರೆಯುವ ಮೊದಲೇ ಬ್ರೋಕರ್ ಹತ್ತಿರ ಕೇಳಬೇಕಾದ ಮೊದಲ ಮಾತು ಅದೇ: "ಊರಿಗೆ ಹೋದರೆ ಏನಾಗುತ್ತೆ?"

ಭಾರತಕ್ಕೆ ಬಂದ ಮೇಲೆ ನೀಸಾದ ತೆರಿಗೆ ವಿನಾಯಿತಿಯನ್ನು ಅಲ್ಲಿ ಯಾರೂ ಕೇಳಲ್ಲ. ಬಹಳ ವರ್ಷ ಹೊರಗಿದ್ದವರಿಗೆ ಮೊದಲ ಎರಡು-ಮೂರು ವರ್ಷ 'ನಿವಾಸಿ, ಆದರೆ ಸಾಮಾನ್ಯ ನಿವಾಸಿ ಅಲ್ಲ' ಅನ್ನುವ ಸ್ಥಾನ ಸಿಗಬಹುದು. ಅಷ್ಟರವರೆಗೆ ಹೊರದೇಶದ ಹೂಡಿಕೆಯ ಆದಾಯಕ್ಕೆ ಅಲ್ಲಿ ತೆರಿಗೆ ಇಲ್ಲ. ಅದು ಮುಗಿದ ಮೇಲೆ ಪ್ರಪಂಚದ ಎಲ್ಲ ಆದಾಯವೂ ಲೆಕ್ಕಕ್ಕೆ, ವಿದೇಶಿ ಆಸ್ತಿಯನ್ನು ರಿಟರ್ನ್‌ನಲ್ಲಿ ತೋರಿಸಲೂ ಬೇಕು. ಅಪ್ರಾಪ್ತ ಮಗುವಿನ ಹೂಡಿಕೆಯ ಆದಾಯವನ್ನು ಅಪ್ಪ-ಅಮ್ಮನಲ್ಲಿ ಹೆಚ್ಚು ದುಡಿಯುವವರ ಆದಾಯಕ್ಕೆ ಸೇರಿಸ್ತಾರೆ.

ಇದು ಆ ಕಡೆಯಿಂದಲೂ ಹಾಗೇ. ಅಮ್ಮ ಹೇಳುವ ಸುಕನ್ಯಾ ಸಮೃದ್ಧಿ ಅನಿವಾಸಿ ಮಕ್ಕಳಿಗೆ ಸಿಗಲ್ಲ. ನನ್ನ ಗಂಡನ ಹಳೇ ಪಿಪಿಎಫ್ ಅವಧಿ ಮುಗಿಯೋವರೆಗೆ ನಡೆಯುತ್ತೆ, ಭಾರತದಲ್ಲಿ ಅದರ ಬಡ್ಡಿಗೆ ತೆರಿಗೆ ಇಲ್ಲ. ಆದರೆ ಹತ್ತು ವರ್ಷದಲ್ಲಿ ಐದಕ್ಕಿಂತ ಹೆಚ್ಚು ವರ್ಷ ಜಪಾನಿನಲ್ಲಿ ಇದ್ದ ಮೇಲೆ ಆ ಬಡ್ಡಿಯೂ ಇಲ್ಲಿನ ತೆರಿಗೆ ಲೆಕ್ಕಕ್ಕೆ ಬರುತ್ತೆ. ತೆರಿಗೆ ಮುಕ್ತ ಅನ್ನುವ ಪದಕ್ಕೂ ವೀಸಾ ಬೇಕು ಅಂತ ಪಾರ್ಕಿನ ಅಕ್ಕ ಒಬ್ಬರು ಹೇಳಿದ್ದು ಇದಕ್ಕೇ.

ಹಾಗಾಗಿ ನಾವಿಬ್ಬರೂ ಸದ್ಯಕ್ಕೆ ಮಾಡಿರುವುದು ಇಷ್ಟು. ಭತ್ಯೆಯ ದುಡ್ಡು ನನ್ನ ನೀಸಾಗೇ ಹೋಗುತ್ತೆ, ಪ್ರತ್ಯೇಕ ಫಂಡ್‌ನಲ್ಲಿ, ಅದು ಮಗಳ ಓದಿಗೆ ಅಂತ ಇಬ್ಬರಿಗೂ ಗೊತ್ತು. ಅಜ್ಜಿ-ತಾತ ಕೊಟ್ಟದ್ದು, ಹೊಸ ವರ್ಷದ ಒತೋಶಿದಾಮ ಲಕೋಟೆಗಳು ಮಾತ್ರ ಅವಳ ಬ್ಯಾಂಕ್ ಖಾತೆಗೆ, ಅದು ಅವಳದೇ. ಪರ್ಮನೆಂಟ್ ರೆಸಿಡೆನ್ಸಿ ತಗೊಂಡು ಇಲ್ಲೇ ಮನೆ ಕೊಂಡವರ ಲೆಕ್ಕ ಬೇರೆ. ಅವರಿಗೆ ಮಕ್ಕಳ ನೀಸಾದ ಬೀಗ ಕೈಯ ದುಡ್ಡು ಕರಗದಂತೆ ಕಾಯುವ ಒಳ್ಳೆಯ ಬೀಗವೇ ಆಗಬಹುದು.

ತೆರೆಯುವವರು ಈಗಲೇ ಮಾಡಿಟ್ಟುಕೊಳ್ಳಬೇಕಾದ ಒಂದು ಕೆಲಸ ಇದೆ: ಮಗುವಿನ ಹೆಸರು. ನಮ್ಮಲ್ಲಿ ಎಷ್ಟೋ ಜನರಿಗೆ ಸರ್‌ನೇಮೇ ಇರಲ್ಲ, ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು ಸೇರಿಸಿರ್ತೀವಿ. ರೆಸಿಡೆನ್ಸ್ ಕಾರ್ಡಿನಲ್ಲಿ ಇಂಗ್ಲಿಷ್ ಅಕ್ಷರ, ಬ್ಯಾಂಕಿನಲ್ಲಿ ಕಟಕಾನ, ಎರಡರಲ್ಲಿ ಒಂದು ಉಚ್ಚಾರ ಹೆಚ್ಚುಕಮ್ಮಿ ಆದರೂ ಅರ್ಜಿ ವಾಪಸ್. ನನ್ನದು ಒಂದು ಬ್ರೋಕರ್ ಕಂಪನಿಯಿಂದ ಮೂರು ಸಲ ತಿರುಗಿ ಬಂದಿತ್ತು. ಮೈ ನಂಬರ್ ಕಾರ್ಡ್, ರೆಸಿಡೆನ್ಸ್ ಕಾರ್ಡ್, ಬ್ಯಾಂಕ್ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು ಒಂದೇ ಥರ ಇದೆಯಾ ನೋಡಿ.