ಜಾಹೀರಾತಿನ ಕಳ್ಳತನಕ್ಕೆ ನಮ್ಮ ಫೋನೇ ಆಯುಧ

ಉಬರ್ ಕಂಪನಿ ತನ್ನ ಆ್ಯಪನ್ನು ಜನರ ಫೋನಿಗೆ ಇಳಿಸುವುದಕ್ಕೆಂದೇ ವರ್ಷಕ್ಕೆ ಸುಮಾರು 15 ಕೋಟಿ ಡಾಲರ್ ಖರ್ಚು ಮಾಡುತ್ತಿದ್ದ ಕಾಲವದು. 2017ರ ಆರಂಭದಲ್ಲಿ ಬ್ರೈಟ್‌ಬಾರ್ಟ್ ಎಂಬ ಅಮೆರಿಕನ್ ಸುದ್ದಿತಾಣದಲ್ಲಿ ತನ್ನ ಜಾಹೀರಾತು ಬರಕೂಡದೆಂದು ಕಂಪನಿ ಏಜೆನ್ಸಿಗಳಿಗೆ ಸೂಚಿಸಿತು. ಆದರೂ ಅಲ್ಲಿ ಅದು ಕಾಣಿಸುತ್ತಲೇ ಇದೆ ಎಂದು ಜನ ದೂರಿದರು. ಎಲ್ಲಿಂದ ನುಸುಳುತ್ತಿದೆ ಎಂದು ಹುಡುಕಲು ಹೊರಟ ಕಂಪನಿಯ ಮಾರ್ಕೆಟಿಂಗ್ ವಿಭಾಗದ ಕೆವಿನ್ ಫ್ರಿಶ್ ಮತ್ತು ಅವರ ತಂಡ ಅನುಮಾನ ಬಂದ ಜಾಹೀರಾತು ಜಾಲಗಳನ್ನು ಒಂದೊಂದಾಗಿ ಮುಚ್ಚುತ್ತ ಹೋಯಿತು. ಕೊನೆಗೆ ಹತ್ತು ಕೋಟಿ ಡಾಲರಿನ ಖರ್ಚು ನಿಂತೇ ಹೋಯಿತು. ಉಬರ್‌ಗೆ ಬರುವ ಹೊಸ ಗ್ರಾಹಕರ ಸಂಖ್ಯೆ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಅಲ್ಲಿಯವರೆಗೆ ‘ಜಾಹೀರಾತು ನೋಡಿ ಬಂದವರು’ ಎಂದು ಲೆಕ್ಕಕ್ಕೆ ಸೇರುತ್ತಿದ್ದವರು ಈಗ ‘ತಾವಾಗಿಯೇ ಬಂದವರು’ ಎಂಬ ಕಾಲಮ್ಮಿಗೆ ಸರಿದಿದ್ದರು. ಅದೇ ವರ್ಷ ಉಬರ್ ತನ್ನ ಏಜೆನ್ಸಿಯ ವಿರುದ್ಧ ಕೋರ್ಟಿಗೆ ಹೋಯಿತು.

ಶ್ರೀಮಂತ ಕಂಪನಿಯ ಹಣ ಕಳ್ಳರ ಪಾಲಾದರೆ ನಮಗೇನು ನಷ್ಟ ಎಂದು ಕೇಳುವವರಿದ್ದಾರೆ. ಈ ಲೇಖನ ಅವರಿಗಾಗಿಯೇ. ಆ ಹಣವನ್ನು ಕದಿಯಲು ಬಳಕೆಯಾಗುವ ಉಪಕರಣ ನಮ್ಮ ಕೈಯಲ್ಲಿರುವ ಫೋನು, ನಮ್ಮ ಮನೆಯ ಟಿವಿ ಪಕ್ಕದ ಪುಟ್ಟ ಪೆಟ್ಟಿಗೆ. ಜಾಹೀರಾತು ವಂಚನೆಗೆಂದು ಕಟ್ಟಿದ ಜಾಲ ಅಷ್ಟಕ್ಕೇ ನಿಲ್ಲುವುದಿಲ್ಲ ಎಂಬುದಕ್ಕೆ 2023ರಿಂದೀಚೆಗೆ ಸ್ಪಷ್ಟ ಪುರಾವೆ ಸಿಕ್ಕಿದೆ.

ಮೊದಲು ಕಳ್ಳತನ ನಡೆಯುವ ಬಗೆಯನ್ನು ಹತ್ತಿರದಿಂದ ನೋಡೋಣ. ಒಂದು ಆ್ಯಪ್ ನಿಮ್ಮ ಫೋನಿಗೆ ಇಳಿದರೆ, ಅದಕ್ಕೆ ಕಾರಣವಾದ ಜಾಹೀರಾತು ಯಾರ ಮೂಲಕ ಬಂದಿತೋ ಅವರಿಗೆ ಕಮಿಷನ್ ಸಿಗುತ್ತದೆ. 2018ರ ವರದಿಗಳ ಪ್ರಕಾರ ಸಾಮಾನ್ಯವಾಗಿ ಅರ್ಧ ಡಾಲರಿನಿಂದ ಮೂರು ಡಾಲರ್‌ವರೆಗೆ. ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ನಿಯಮ ಸರಳ: ಇನ್‌ಸ್ಟಾಲ್ ಆಗುವ ಮುನ್ನ ಕೊನೆಯ ಕ್ಲಿಕ್ ಯಾರ ಜಾಹೀರಾತಿನ ಮೇಲೆ ಬಿತ್ತೋ ಅವರಿಗೆ. ಈಗ ನಿಮ್ಮ ಫೋನಿನಲ್ಲಿ ಎಂದೋ ಹಾಕಿಕೊಂಡ ಒಂದು ಟಾರ್ಚ್ ಆ್ಯಪ್ ಇದೆ ಎನ್ನಿ. ಗೆಳತಿ ಹೇಳಿದಳೆಂದು ನೀವು ಒಂದು ಶಾಪಿಂಗ್ ಆ್ಯಪ್ ಇಳಿಸಿಕೊಳ್ಳುತ್ತೀರಿ, ಯಾವ ಜಾಹೀರಾತನ್ನೂ ನೋಡಿಲ್ಲ. ಹೊಸ ಆ್ಯಪ್ ಬಂದಾಗ ಆಂಡ್ರಾಯ್ಡ್ ವ್ಯವಸ್ಥೆ ಒಳಗಿರುವ ಉಳಿದ ಆ್ಯಪ್‌ಗಳಿಗೆ ಆ ಸುದ್ದಿ ಬಿತ್ತರಿಸುತ್ತಿತ್ತು. ಕಿವಿ ತೆರೆದು ಕೂತಿದ್ದ ಟಾರ್ಚ್ ಆ್ಯಪ್ ತಕ್ಷಣ ನಿಮ್ಮ ಹೆಸರಿನಲ್ಲಿ ಒಂದು ಸುಳ್ಳು ಕ್ಲಿಕ್ ಕಳಿಸುತ್ತದೆ. ನೀವು ಹೊಸ ಆ್ಯಪನ್ನು ಮೊದಲ ಸಲ ತೆರೆಯುವಷ್ಟರಲ್ಲಿ ‘ಕೊನೆಯ ಕ್ಲಿಕ್’ ದಾಖಲಾಗಿರುತ್ತದೆ. ಕಮಿಷನ್ ಟಾರ್ಚಿನವನಿಗೆ. ಇದಕ್ಕೆ ಕ್ಲಿಕ್ ಇಂಜೆಕ್ಷನ್ ಎನ್ನುತ್ತಾರೆ. ಗೂಗಲ್ 2017ರ ಆಂಡ್ರಾಯ್ಡ್ 8ರಲ್ಲಿ ಈ ಬಿತ್ತರಕ್ಕೆ ಕಡಿವಾಣ ಹಾಕಿತು, ಡೌನ್‌ಲೋಡ್ ಶುರುವಾದ ಕ್ಷಣವನ್ನು ದಾಖಲಿಸುವ ಏರ್ಪಾಡನ್ನೂ ತಂದಿತು. ಡೌನ್‌ಲೋಡ್ ಶುರುವಾದ ಮೇಲೆ ಬಂದ ಕ್ಲಿಕ್ ಸುಳ್ಳೆಂದು ಈಗ ಹಿಡಿಯಬಹುದು. ವಂಚಕರು ಬೇರೆ ದಾರಿ ಹುಡುಕಿಕೊಂಡರು.

ಇದನ್ನೆಲ್ಲ ಮಾಡುತ್ತಿದ್ದವು ಹೆಸರಿಲ್ಲದ ಆ್ಯಪ್‌ಗಳು ಎಂದುಕೊಳ್ಳಬೇಡಿ. 2018ರ ನವೆಂಬರಿನಲ್ಲಿ ಕೊಚಾವಾ ಎಂಬ ವಿಶ್ಲೇಷಣಾ ಸಂಸ್ಥೆಯ ತನಿಖೆಯನ್ನು ಬಝ್‌ಫೀಡ್ ನ್ಯೂಸ್ ಪ್ರಕಟಿಸಿತು. ಚೀತಾ ಮೊಬೈಲ್‌ನ ಏಳು ಆ್ಯಪ್‌ಗಳು ಮತ್ತು ಕಿಕಾದ ಒಂದು ಕೀಬೋರ್ಡ್ ಹೀಗೆ ಕಮಿಷನ್ ಕಬಳಿಸುತ್ತಿವೆ ಎಂಬುದು ಆರೋಪ. ಈ ಎಂಟು ಆ್ಯಪ್‌ಗಳ ಒಟ್ಟು ಡೌನ್‌ಲೋಡ್ ಇನ್ನೂರು ಕೋಟಿಗೂ ಹೆಚ್ಚು. ಎರಡೂ ಕಂಪನಿಗಳು ಆರೋಪವನ್ನು ಅಲ್ಲಗಳೆದವು. ಗೂಗಲ್ ಮುಂದಿನ ತಿಂಗಳೇ ಎರಡು ಆ್ಯಪ್‌ಗಳನ್ನು ಪ್ಲೇ ಸ್ಟೋರಿನಿಂದ ತೆಗೆಯಿತು. ‘ಫೋನ್ ಸ್ಲೋ ಆಗಿದೆ’ ಎಂದಾಗ ನಮ್ಮಲ್ಲಿ ಎಷ್ಟೋ ಮಂದಿ ಹಾಕಿಕೊಳ್ಳುತ್ತಿದ್ದ ಕ್ಲೀನ್ ಮಾಸ್ಟರ್ ಇದೇ ಚೀತಾ ಮೊಬೈಲ್‌ನದು.

ಈ ವಿಧಾನದಲ್ಲಿ ಫೋನಿನ ಒಡೆಯನ ಕಿಸೆಯಿಂದ ಏನೂ ಹೋಗುವುದಿಲ್ಲ ಎನ್ನಬಹುದು. ಹಾಗಾದರೆ 2019ರ ಫೆಬ್ರುವರಿಯಲ್ಲಿ ಒರಾಕಲ್ ಬಯಲಿಗೆಳೆದ ಡ್ರೈನರ್‌ಬಾಟ್ ಪ್ರಕರಣ ನೋಡಿ. ಒಂದು ಕೋಟಿಗೂ ಹೆಚ್ಚು ಸಲ ಡೌನ್‌ಲೋಡ್ ಆಗಿದ್ದ ಆ್ಯಪ್‌ಗಳೊಳಗೆ ಅಡಗಿದ್ದ ಒಂದು ಕೋಡ್, ಯಾರ ಕಣ್ಣಿಗೂ ಬೀಳದಂತೆ ವಿಡಿಯೊ ಜಾಹೀರಾತುಗಳನ್ನು ಇಳಿಸಿ ‘ತೋರಿಸುತ್ತಿತ್ತು’. ಫೋನು ಬಳಕೆಯಲ್ಲಿ ಇಲ್ಲದಾಗಲೂ ಇದು ನಡೆಯುತ್ತಿತ್ತು. ಒಂದು ಫೋನಿನಲ್ಲಿ ತಿಂಗಳಿಗೆ ಹತ್ತು ಜಿಬಿಗೂ ಹೆಚ್ಚು ಡೇಟಾ ಹೀಗೆ ಹರಿದುಹೋಗಬಹುದಿತ್ತು ಎಂದು ಒರಾಕಲ್ ಅಂದಾಜಿಸಿತು. ದಿನಕ್ಕೆ ಒಂದೂವರೆ ಜಿಬಿಯ 28 ದಿನದ ಪ್ಯಾಕ್ ಹಾಕಿಸಿಕೊಳ್ಳುವವರಿಗೆ ಸಿಗುವುದು ಒಟ್ಟು 42 ಜಿಬಿ. ಅದರಲ್ಲಿ ಹತ್ತು ಜಿಬಿ ಎಂದರೆ ಹೆಚ್ಚುಕಡಿಮೆ ಕಾಲು ಪಾಲು. ಆನ್‌ಲೈನ್ ಪಾಠಕ್ಕೆಂದು ಅಪ್ಪನ ಫೋನಿನ ಡೇಟಾ ನಂಬಿಕೊಂಡ ಮಗುವಿನ ಮನೆಯಲ್ಲಿ ಇದು ಸಣ್ಣ ನಷ್ಟವಲ್ಲ. ಬೇಗ ಬರಿದಾಗುವ, ಬಿಸಿಯಾಗುವ ಬ್ಯಾಟರಿಯ ಬಾಧೆ ಬೇರೆ. ಭಾರತಕ್ಕೂ ಈ ಪೀಡೆ ಹೊಸದಲ್ಲ. 2016ರಲ್ಲಿ ಚೆಕ್ ಪಾಯಿಂಟ್ ಸಂಸ್ಥೆ ಪತ್ತೆಹಚ್ಚಿದ ಹಮ್ಮಿಂಗ್‌ಬ್ಯಾಡ್ ಎಂಬ ಜಾಹೀರಾತು ವಂಚನೆಯ ಮಾಲ್‌ವೇರ್ ಅತಿ ಹೆಚ್ಚು ಫೋನುಗಳನ್ನು ಹೊಕ್ಕ ದೇಶಗಳಲ್ಲಿ ಚೀನಾದ ನಂತರ ನಮ್ಮದೇ ಎರಡನೇ ಸ್ಥಾನ. ಸುಮಾರು 13 ಲಕ್ಷ ಫೋನುಗಳು.

ಎಷ್ಟೋ ವಂಚನೆಗೆ ಮನುಷ್ಯರೂ ಬೇಕಿಲ್ಲ, ಫೋನೂ ಬೇಕಿಲ್ಲ. ರಷ್ಯಾದ ಅಲೆಕ್ಸಾಂಡರ್ ಝುಕೋವ್ 2014ರಿಂದ 2016ರವರೆಗೆ ನಡೆಸಿದ ಮೆಥ್‌ಬಾಟ್ ಜಾಲ ಬಾಡಿಗೆಗೆ ಪಡೆದ ಸುಮಾರು ಎರಡು ಸಾವಿರ ಸರ್ವರ್‌ಗಳಲ್ಲಿ ಓಡುತ್ತಿತ್ತು. ಐದು ಸಾವಿರಕ್ಕೂ ಹೆಚ್ಚು ಪ್ರತಿಷ್ಠಿತ ತಾಣಗಳ ನಕಲಿ ಪುಟ ಸೃಷ್ಟಿಸಿ, ಅವನ್ನು ‘ಓದಲು’ ಬಾಟ್‌ಗಳನ್ನು, ಅಂದರೆ ಮನುಷ್ಯರಂತೆ ನಟಿಸುವ ಪ್ರೋಗ್ರಾಂಗಳನ್ನು, ಬಿಡುತ್ತಿತ್ತು. ಆ ಬಾಟ್‌ಗಳು ಮೌಸ್ ಅಲುಗಿಸುತ್ತಿದ್ದವು, ಪುಟ ಸ್ಕ್ರೋಲ್ ಮಾಡುತ್ತಿದ್ದವು, ವಿಡಿಯೊವನ್ನು ಅರ್ಧಕ್ಕೆ ನಿಲ್ಲಿಸಿ ಮತ್ತೆ ಆರಂಭಿಸುತ್ತಿದ್ದವು, ಫೇಸ್‌ಬುಕ್‌ಗೆ ಲಾಗಿನ್ ಆದವರಂತೆ ತೋರಿಸಿಕೊಳ್ಳುತ್ತಿದ್ದವು. ಹೀಗೆ ದೋಚಿದ್ದು ಎಪ್ಪತ್ತು ಲಕ್ಷ ಡಾಲರಿಗೂ ಹೆಚ್ಚು. ಹಣ ಕಳೆದುಕೊಂಡವರ ಪಟ್ಟಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಜೊತೆಗೆ ಟೆಕ್ಸಸ್‌ನ ಒಂದು ಮಕ್ಕಳ ಆಸ್ಪತ್ರೆಯೂ ಇತ್ತು. ಝುಕೋವ್‌ಗೆ 2021ರಲ್ಲಿ ಬ್ರೂಕ್ಲಿನ್‌ನ ನ್ಯಾಯಾಲಯ ಹತ್ತು ವರ್ಷ ಶಿಕ್ಷೆ ವಿಧಿಸಿತು. ಮನುಷ್ಯನ ಚಲನೆಯನ್ನು ಹೀಗೆ ಅಣಕಿಸಲು ಅವನು ಪ್ರೋಗ್ರಾಮರ್‌ಗಳ ಪಡೆಯನ್ನೇ ಸಾಕಬೇಕಾಗಿತ್ತು. ಈಗ ಬಂದಿರುವ ಎಐ ಸಾಧನಗಳು ಬ್ರೌಸರನ್ನು ತಾವೇ ನಡೆಸಬಲ್ಲವು. ಅಸಲಿ ಓದುಗನನ್ನೂ ನಕಲಿಯನ್ನೂ ಬೇರ್ಪಡಿಸುವ ಕೆಲಸ ಇನ್ನು ಮುಂದೆ ಕಠಿಣವಾಗುತ್ತದೆಯೇ ಹೊರತು ಸುಲಭವಾಗುವುದಿಲ್ಲ.

ನನ್ನ ಆತಂಕದ ಮೂಲ ಇದಕ್ಕಿಂತ ಮುಂದಿನದು. 2023ರ ಜನವರಿಯಲ್ಲಿ ಕೆನಡಾದ ಭದ್ರತಾ ತಜ್ಞ ಡೇನಿಯಲ್ ಮಿಲಿಸಿಕ್ ಅಮೆಜಾನ್‌ನಲ್ಲಿ ಕೊಂಡ ಟಿ95 ಎಂಬ ಅಗ್ಗದ ಆಂಡ್ರಾಯ್ಡ್ ಟಿವಿ ಬಾಕ್ಸನ್ನು ಪರೀಕ್ಷಿಸಿ, ಅದರ ಫರ್ಮ್‌ವೇರಿನಲ್ಲೇ, ಅಂದರೆ ಸಾಧನದೊಳಗೆ ಮೊದಲೇ ತುಂಬಿಸಿಟ್ಟ ಮೂಲ ಸಾಫ್ಟ್‌ವೇರಿನಲ್ಲೇ, ಮಾಲ್‌ವೇರ್ ಇದೆ ಎಂದು ಪ್ರಕಟಿಸಿದರು. ಅವರು ಯಾವ ಕಳ್ಳ ಆ್ಯಪನ್ನೂ ಹಾಕಿಕೊಂಡಿರಲಿಲ್ಲ. ಪೆಟ್ಟಿಗೆ ಹೊಸದು, ಆದರೂ ಅದು ದೂರದ ಸರ್ವರ್‌ಗಳನ್ನು ಸಂಪರ್ಕಿಸಿ ಆದೇಶ ಕೇಳುತ್ತಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ಹ್ಯೂಮನ್ ಎಂಬ ಭದ್ರತಾ ಸಂಸ್ಥೆ ಇದರ ವಿಸ್ತಾರವನ್ನು ತೆರೆದಿಟ್ಟು, ಬ್ಯಾಡ್‌ಬಾಕ್ಸ್ ಎಂದು ಹೆಸರಿಟ್ಟಿತು. ಆಗ ಸೋಂಕಿನ ಸುಳಿವು ಕಂಡದ್ದು 74 ಸಾವಿರ ಸಾಧನಗಳಲ್ಲಿ. 2024ರ ಡಿಸೆಂಬರಿನಲ್ಲಿ ಜರ್ಮನಿಯ ಸೈಬರ್ ಭದ್ರತಾ ಕಚೇರಿ ತನ್ನ ದೇಶದ 30 ಸಾವಿರ ಸಾಧನಗಳಿಗೆ ಆ ದೂರದ ಸರ್ವರ್‌ಗಳೊಂದಿಗಿದ್ದ ಸಂಪರ್ಕ ಕಡಿಯಿತು. 2025ರ ಮಾರ್ಚ್‌ನಲ್ಲಿ ಬ್ಯಾಡ್‌ಬಾಕ್ಸ್ 2.0 ಪತ್ತೆಯಾದಾಗ ಲೆಕ್ಕ ಹತ್ತು ಲಕ್ಷ ದಾಟಿತ್ತು. ಜುಲೈನಲ್ಲಿ ಗೂಗಲ್ ನ್ಯೂಯಾರ್ಕಿನಲ್ಲಿ ದಾವೆ ಹೂಡಿದಾಗ ಹೇಳಿದ ಸಂಖ್ಯೆ ಒಂದು ಕೋಟಿ.

ಎರಡು ವರ್ಷದಲ್ಲಿ ಈ ಪಾಟಿ ಬೆಳೆದ ಜಾಲದ ಮುಖ್ಯ ಆದಾಯಗಳಲ್ಲೊಂದು ಜಾಹೀರಾತು ವಂಚನೆ: ಪರದೆಯ ಹಿಂದೆ ಅದೃಶ್ಯ ಪುಟಗಳನ್ನು ತೆರೆದು ಜಾಹೀರಾತು ‘ನೋಡುವುದು’. ಅದೇ ಸಾಧನ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ನಿಮ್ಮ ಮನೆಯ ಇಂಟರ್‌ನೆಟ್ ವಿಳಾಸವನ್ನು ಅಪರಿಚಿತರಿಗೆ ಬಾಡಿಗೆಗೆ ಬಿಡುತ್ತದೆ. ಯಾರೋ ಎಲ್ಲೋ ಕೂತು ನಡೆಸುವ ಖಾತೆಕಳವು, ಸರ್ವರ್ ದಾಳಿ, ಎಲ್ಲವೂ ನಿಮ್ಮ ಮನೆಯಿಂದಲೇ ಹೊರಟಂತೆ ಕಾಣುತ್ತವೆ. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟದ್ದು ಇದೇ ಕಾರಣಕ್ಕೆ. ಸೈಬರ್ ಅಪರಾಧದ ತನಿಖೆಯಲ್ಲಿ ಪೊಲೀಸರು ಮೊದಲು ಹುಡುಕುವುದು ಐಪಿ ವಿಳಾಸವನ್ನು. ಆ ವಿಳಾಸ ಶಿವಮೊಗ್ಗದ ಒಬ್ಬ ನಿವೃತ್ತ ಶಿಕ್ಷಕರ ಮನೆಯದಾದರೆ ಅವರು ಏನೆಂದು ಸಮಜಾಯಿಷಿ ಕೊಟ್ಟಾರು? ಇಂಥ ದಿನ ನಮ್ಮಲ್ಲೂ ಬರುತ್ತದೆಂದು ಎಣಿಸಿ ಸಿದ್ಧರಾಗುವುದೇ ಲೇಸು. ಹ್ಯೂಮನ್‌ನ ವರದಿಯಲ್ಲಿ ಎರಡು ನೂರಕ್ಕೂ ಹೆಚ್ಚು ದೇಶ, ಪ್ರದೇಶಗಳ ಹೆಸರಿದೆ. ಅಗ್ಗದ ಬಾಕ್ಸ್ ಎಲ್ಲಿ ಹೆಚ್ಚು ಮಾರಾಟವಾಗುತ್ತದೋ ಅಲ್ಲಿ ಈ ಸೋಂಕೂ ಹೆಚ್ಚು.

ಇಷ್ಟಾದರೂ ಜಾಹೀರಾತಿನಿಂದ ಸಮಾಜಕ್ಕೆ ಲಾಭವಿದೆ, ವಂಚನೆ ಅದರ ಸಣ್ಣ ಬೆಲೆ ಎಂದು ವಾದಿಸಬಹುದು. ಈ ವಾದವನ್ನು ಹಗುರವಾಗಿ ತಳ್ಳಿಹಾಕಬಾರದು. 1972ರಲ್ಲಿ ಅರ್ಥಶಾಸ್ತ್ರಜ್ಞ ಲೀ ಬೆನ್‌ಹ್ಯಾಮ್ ಅಮೆರಿಕದ ರಾಜ್ಯಗಳಲ್ಲಿ ಕನ್ನಡಕದ ಬೆಲೆಯನ್ನು ಹೋಲಿಸಿ ನೋಡಿದರು. ಜಾಹೀರಾತನ್ನು ನಿರ್ಬಂಧಿಸಿದ ರಾಜ್ಯಗಳಲ್ಲಿ ಜನ ಸ್ಪಷ್ಟವಾಗಿ ಹೆಚ್ಚು ಹಣ ತೆರುತ್ತಿದ್ದರು. ಎಲ್ಲಿ ಕಡಿಮೆಗೆ ಸಿಗುತ್ತದೆಂದು ಗೊತ್ತಾದರೆ ಗಿರಾಕಿಗೆ ಲಾಭ, ಅದು ನಿಜ. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ 2019ರ ಒಂದು ಅಧ್ಯಯನವಿದೆ. ಆ್ಯಂಡ್ರೂ ಆಸ್ವಾಲ್ಡ್ ಮತ್ತು ಸಂಗಡಿಗರು ಯುರೋಪಿನ 27 ದೇಶಗಳ ಮೂವತ್ತು ವರ್ಷಗಳ ಸಮೀಕ್ಷೆಗಳನ್ನು ಜಾಲಾಡಿ, ಜಾಹೀರಾತಿನ ವೆಚ್ಚ ಏರಿದ ಬೆನ್ನಿಗೇ ಜನರ ಬದುಕಿನ ತೃಪ್ತಿ ಇಳಿದಿದೆ ಎಂದು ಕಂಡರು. ಇದು ಕಾರಣವನ್ನು ಸಾಬೀತು ಮಾಡುವುದಿಲ್ಲ, ಸಂಬಂಧವನ್ನಷ್ಟೇ ತೋರಿಸುತ್ತದೆ. ನನ್ನ ತೀರ್ಮಾನ ಹೀಗಿದೆ: ಜಾಹೀರಾತನ್ನು ಸಹಿಸಿಕೊಳ್ಳಲು ನಮಗಿರುವುದು ಎರಡೇ ಬಲವಾದ ಕಾರಣ. ಅದು ಮಾಹಿತಿ ಕೊಡುತ್ತದೆ, ಸುದ್ದಿಮಾಧ್ಯಮಕ್ಕೆ ಹಣ ಕೊಡುತ್ತದೆ. ಬಾಟ್ ನೋಡಿದ ಜಾಹೀರಾತು ಯಾರಿಗೂ ಮಾಹಿತಿ ಕೊಡುವುದಿಲ್ಲ. ಹಣವಾದರೂ ಪತ್ರಿಕೆಗೆ ತಲುಪುತ್ತದೆಯೇ? ಬ್ರಿಟನ್ನಿನ ಜಾಹೀರಾತುದಾರರ ಸಂಘ 2020ರಲ್ಲಿ ಲೆಕ್ಕಪರಿಶೋಧನಾ ಸಂಸ್ಥೆ ಪಿಡಬ್ಲ್ಯುಸಿ ಮೂಲಕ ಲೆಕ್ಕ ಹಾಕಿಸಿದಾಗ ಪ್ರಕಾಶಕರಿಗೆ ಮುಟ್ಟಿದ್ದು ನೂರಕ್ಕೆ 51 ಮಾತ್ರ. ಶೇಕಡಾ 15ರಷ್ಟು ಎಲ್ಲಿ ಹೋಯಿತೆಂದು ಲೆಕ್ಕಪರಿಶೋಧಕರಿಗೂ ತಿಳಿಯಲಿಲ್ಲ. ಈ ಖರ್ಚನ್ನೆಲ್ಲ ಕಂಪನಿಗಳು ಕೊನೆಗೆ ವಸೂಲು ಮಾಡುವುದು ಸಾಬೂನು, ಶಾಂಪೂವಿನ ಬೆಲೆಯಲ್ಲಿ.

ಹಾಗಿದ್ದೂ ಈ ವಂಚನೆ ನಿಲ್ಲದಿರುವುದಕ್ಕೆ ಕಾರಣ, ಸರಪಳಿಯ ಪ್ರತಿ ಕೊಂಡಿಗೂ ಹಣ ಸಿಗುವುದು ಸಂಖ್ಯೆಯ ಮೇಲೆ. ಏಜೆನ್ಸಿಗೆ ಕಮಿಷನ್, ಜಾಲಕ್ಕೆ ಪಾಲು, ಮಾರ್ಕೆಟಿಂಗ್ ಮ್ಯಾನೇಜರಿಗೆ ‘ಇಷ್ಟು ಲಕ್ಷ ಡೌನ್‌ಲೋಡ್’ ಎಂಬ ವರದಿ. ಸಂಖ್ಯೆ ಇಳಿದರೆ ಎಲ್ಲರಿಗೂ ನಷ್ಟ. ದೊಡ್ಡ ವೇದಿಕೆಗಳೂ ಹೊರತಲ್ಲ. 2024ರ ಆದಾಯದ ಸುಮಾರು ಶೇಕಡಾ 10ರಷ್ಟು ವಂಚಕ ಮತ್ತು ನಿಷೇಧಿತ ಸರಕಿನ ಜಾಹೀರಾತುಗಳಿಂದ ಬರುತ್ತದೆಂದು ಮೆಟಾ ಕಂಪನಿಯ ಒಳಗಿನ ದಾಖಲೆಗಳೇ ಅಂದಾಜಿಸಿದ್ದನ್ನು ರಾಯಿಟರ್ಸ್ 2025ರ ನವೆಂಬರಿನಲ್ಲಿ ವರದಿ ಮಾಡಿತು. ಆ ಅಂದಾಜು ಒರಟಾದದ್ದು, ಅತಿಯಾದದ್ದು ಎಂಬುದು ಮೆಟಾದ ಉತ್ತರ. ಇತ್ತ, ತಮ್ಮ ಮುಖ ಮತ್ತು ದನಿಯನ್ನು ಡೀಪ್‌ಫೇಕ್ ಮಾಡಿ ಹೂಡಿಕೆಯ ಆಮಿಷ ಒಡ್ಡಲಾಗುತ್ತಿದೆ, ನಂಬಬೇಡಿ ಎಂದು ಇನ್ಫೊಸಿಸ್‌ನ ನಾರಾಯಣ ಮೂರ್ತಿಯವರು 2023ರ ಡಿಸೆಂಬರಿನಲ್ಲೇ ಜನರನ್ನು ಬೇಡಿಕೊಳ್ಳಬೇಕಾಯಿತು.

ನಮ್ಮ ತೆರಿಗೆಯ ಹಣವೂ ಈಗ ಇದೇ ಕೊಳವೆಯಲ್ಲಿ ಹರಿಯತೊಡಗಿದೆ. ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಡಿಜಿಟಲ್ ಜಾಹೀರಾತು ನೀತಿ ತಂದಿತು. ಚಂದಾದಾರರ ಮತ್ತು ವೀಕ್ಷಕರ ಸಂಖ್ಯೆಗೆ ದರವನ್ನು ಜೋಡಿಸಿತು. ಕರ್ನಾಟಕ 2024ರಲ್ಲಿ ತನ್ನದೇ ಮಾರ್ಗಸೂಚಿ ಹೊರಡಿಸಿ, ಸಾಮಾಜಿಕ ಜಾಲತಾಣದ ಇನ್‌ಫ್ಲುಯೆನ್ಸರ್‌ಗಳನ್ನು ಫಾಲೋವರ್‌ಗಳ ಸಂಖ್ಯೆಯ ಮೇಲೆ ವಿಂಗಡಿಸಿತು. ಈ ಸಂಖ್ಯೆಗಳನ್ನು ಹೇಗೆ ತಯಾರಿಸುತ್ತಾರೆಂಬುದನ್ನು 2017ರ ಜೂನ್‌ನಲ್ಲಿ ಥಾಯ್ಲೆಂಡ್ ಪೊಲೀಸರು ಕಂಬೋಡಿಯಾ ಗಡಿಯ ಬಳಿ ಒಂದು ಬಾಡಿಗೆ ಮನೆಯಲ್ಲಿ ಕಂಡರು: ಕಬ್ಬಿಣದ ಚೌಕಟ್ಟುಗಳಿಗೆ ಸಾಲಾಗಿ ಕಟ್ಟಿದ ನೂರಾರು ಫೋನುಗಳು, ಜೊತೆಗೆ ಸುಮಾರು ಮೂರೂವರೆ ಲಕ್ಷ ಸಿಮ್ ಕಾರ್ಡು. ಲೈಕು ಮತ್ತು ವೀಕ್ಷಣೆಗಳನ್ನು ಅಲ್ಲಿಂದ ಮಾರಲಾಗುತ್ತಿತ್ತು. ಆದ್ದರಿಂದ ವಾರ್ತಾ ಇಲಾಖೆ ಪ್ರತಿ ಜಾಹೀರಾತಿನ ಕಚ್ಚಾ ದಾಖಲೆಯನ್ನು, ಅಂದರೆ ಯಾವ ಆ್ಯಪ್, ಯಾವ ಹೊತ್ತು, ಯಾವ ವಿಳಾಸ ಎಂಬ ಲಾಗ್‌ಗಳನ್ನು, ಬಿಲ್ಲಿನ ಜೊತೆಗೇ ಕೇಳಬೇಕು. ವೇದಿಕೆಗೂ ಏಜೆನ್ಸಿಗೂ ಸಂಬಂಧವಿಲ್ಲದವರಿಂದ ಅದರ ತಪಾಸಣೆ ಮಾಡಿಸಿ ಆಮೇಲೆ ಹಣ ಬಿಡುಗಡೆ ಮಾಡಬೇಕು. ವರ್ಷಕ್ಕೊಮ್ಮೆ ಒಂದೆರಡು ಜಿಲ್ಲೆಗಳಲ್ಲಿ ಜಾಹೀರಾತನ್ನು ಪೂರ್ತಿ ನಿಲ್ಲಿಸಿ, ಯೋಜನೆಗೆ ಬರುವ ಅರ್ಜಿಗಳು ಕಡಿಮೆಯಾದವೇ ಎಂದು ನೋಡಬಹುದು. ಉಬರ್‌ಗೆ ಕಣ್ಣು ತೆರೆಸಿದ್ದು ಇಂಥ ಪ್ರಯೋಗವೇ.

ಸಾಧನಗಳ ವಿಷಯದಲ್ಲಿ ದಾರಿ ಈಗಾಗಲೇ ಇದೆ. ಸಿಸಿಟಿವಿ ಕ್ಯಾಮೆರಾ ಮಾರುವವರು ಅದರ ಸಾಫ್ಟ್‌ವೇರ್ ಸುರಕ್ಷತೆಯನ್ನೂ ಪರೀಕ್ಷೆಗೆ ಒಡ್ಡಬೇಕೆಂಬ ನಿಯಮ 2025ರ ಏಪ್ರಿಲ್‌ನಿಂದ ದೇಶದಲ್ಲಿ ಜಾರಿಗೆ ಬಂದಿದೆ. ಅದೇ ಪರೀಕ್ಷೆಯನ್ನು ಅಗ್ಗದ ಟಿವಿ ಬಾಕ್ಸು, ಟ್ಯಾಬ್ಲೆಟ್, ಫೋನುಗಳಿಗೂ ವಿಸ್ತರಿಸಬೇಕು. ಅದು ಬರುವವರೆಗೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಆನ್‌ಲೈನಿನಲ್ಲೋ ಇಂಥ ಬಾಕ್ಸ್ ಕೊಳ್ಳುವವರು ಪ್ಲೇ ಸ್ಟೋರಿನ ಸೆಟ್ಟಿಂಗ್ಸ್‌ಗೆ ಹೋಗಿ ಗೂಗಲ್‌ನ ಸುರಕ್ಷತಾ ವ್ಯವಸ್ಥೆಯಾದ ‘ಪ್ಲೇ ಪ್ರೊಟೆಕ್ಟ್’ನ ದೃಢೀಕರಣ ಇದೆಯೇ ಎಂದು ನೋಡಿ. ಎಲ್ಲ ಸಿನಿಮಾ, ಎಲ್ಲ ಚಾನೆಲ್ ಪುಕ್ಕಟೆ ಎಂದು ಆಸೆ ತೋರಿಸುವ ಬಾಕ್ಸನ್ನು, ಹಾಕಿದ ಕೂಡಲೇ ಪ್ಲೇ ಪ್ರೊಟೆಕ್ಟ್ ಆಫ್ ಮಾಡಲು ಹೇಳುವ ಬಾಕ್ಸನ್ನು ಮನೆಯ ವೈಫೈಗೆ ಜೋಡಿಸಲೇಬೇಡಿ. ಈಗಾಗಲೇ ಜೋಡಿಸಿದ್ದರೆ ಇವತ್ತೇ ಕಿತ್ತುಹಾಕಿ: ಸೋಂಕು ಫರ್ಮ್‌ವೇರಿನಲ್ಲೇ ಇದ್ದರೆ ಫ್ಯಾಕ್ಟರಿ ರೀಸೆಟ್ ಮಾಡಿದರೂ ಅದು ಹೋಗುವುದಿಲ್ಲ.