ಇಪ್ಪತ್ತು ಅಡಿ ಎತ್ತರದ ಅಟ್ಟಣೆ

ನವೆಂಬರ್ ತಿಂಗಳ ಉತ್ತರಾರ್ಧ ಬಂದಿತೆಂದರೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಎಲ್ಲೆಲ್ಲಿಯೂ ಸಡಗರ. 9 ದಿನಗಳ ಬಂದೂಕು ಬೇಟೆಯ ಕಾಲವದು. ಪರವಾನೆ ಪಡೆದವರು ಬೆಳಕು ಹರಿಯುವ ಮುನ್ನವೇ ಕಾಡು ಸೇರಿ, ಮರವೇರಿ, ಬಿಳಿಬಾಲದ ಜಿಂಕೆಯ ಹಾದಿ ಕಾಯುತ್ತಾರೆ. ಕಾಡುಹಂದಿಗಳಿಂದ ಪೈರನ್ನು ಉಳಿಸಿಕೊಳ್ಳಲು ನಮ್ಮ ರೈತರು ಕಟ್ಟುವ ಅಟ್ಟಣೆಗೆ ಈ ಬೇಟೆಯ ಅಟ್ಟಣೆ ದೂರದ ನೆಂಟ. ಆದರೆ ಇದು ಉಕ್ಕು, ಅಲ್ಯೂಮಿನಿಯಂಗಳಿಂದಾದುದು, ಅಂಗಡಿಯಲ್ಲಿ ದೊರೆಯುವಂಥದು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಬೇಟೆ ನಿಷಿದ್ಧ. ಅಲ್ಲಿ ಅದು ಸರ್ಕಾರದ ಕಟ್ಟಳೆಗೊಳಪಟ್ಟು ಇಂದಿಗೂ ನಡೆದಿದೆ.

ಮರವನ್ನೇಕೆ ಏರಬೇಕು? ಜಿಂಕೆಯ ಮೂಗು ಬಲು ಚುರುಕು; ನೆಲದ ಮೇಲಿನ ಅಲುಗಾಟವೂ ಅದರ ಕಣ್ಣು ತಪ್ಪಿಸದು. ಎತ್ತರದಲ್ಲಿ ಕುಳಿತವನು ಅದರ ನೋಟಕ್ಕೆ ಸುಲಭವಾಗಿ ಸಿಕ್ಕುವುದಿಲ್ಲ. ಮೇಲಿನಿಂದ ಹಾರಿಸಿದ ಗುಂಡು ಗುರಿ ತಪ್ಪಿದರೂ ದೂರ ಹಾಯದೆ ಬಹುಮಟ್ಟಿಗೆ ಮಣ್ಣು ಸೇರುತ್ತದೆ. ಆದರೂ ಗಾಳಿಯನ್ನು ಲೆಕ್ಕಿಸಲೇಬೇಕು. ಜಿಂಕೆಯ ಹಾದಿಯಿಂದ ಅಟ್ಟಣೆಯ ಕಡೆಗೆ ಗಾಳಿ ಬೀಸುವಂತಹ ಮರವನ್ನೇ ಆರಿಸುವುದು ಜಾಣತನ.

ಅಟ್ಟಣೆಗಳಲ್ಲಿ ಮುಖ್ಯವಾಗಿ ಮೂರು ಬಗೆ. ಏಣಿಯೊಡನೆ ಕೂಡಿದ್ದು ಭಾರವಾದರೂ ಹೊಸಬರಿಗೆ ಅನುಕೂಲ. ಕಾಂಡಕ್ಕೆ ಪಟ್ಟಿಯಿಂದ ಬಿಗಿಯುವ ಹಗುರವಾದ ಅಟ್ಟಣೆಗೆ ಮೆಟ್ಟಿಲುಗಳನ್ನು ಬೇರೆಯಾಗಿ ಜೋಡಿಸಬೇಕು. ಬೇಟೆಗಾರನೊಡನೆ ತಾನೂ ಮರವೇರುವ ಮೂರನೆಯದಕ್ಕೆ ಕೊಂಬೆಗಳಿಲ್ಲದ ನೇರವಾದ ಕಾಂಡ ಬೇಕು. ಯಾವುದಾದರೂ ಸರಿ, ಮರ ಜೀವಂತವಾಗಿರಬೇಕು. ಒಣಗಿದ ಮರ ಸಲ್ಲದು. ಅನೇಕ ಅಟ್ಟಣೆಗಳ ಭಾರಮಿತಿ 300 ಪೌಂಡು, ಅಂದರೆ ಸುಮಾರು 136 ಕಿಲೋಗ್ರಾಂ. ದಪ್ಪ ಉಡುಪು, ಬಂದೂಕು, ಬುತ್ತಿ ಎಲ್ಲವೂ ಈ ಲೆಕ್ಕದೊಳಗೇ ಬರಬೇಕು.

ಇಷ್ಟಾದರೂ ಈ ಬೇಟೆಗಾರರನ್ನು ಕಾಡುವ ದೊಡ್ಡ ಅಪಾಯ ಮೃಗದ್ದಲ್ಲ, ಬೀಳುವಿಕೆಯದು. ಕುಳಿತಾಗ ಬಿದ್ದವರಿಗಿಂತ ಏರುವಾಗ, ಇಳಿಯುವಾಗ, ಮೆಟ್ಟಿಲಿನಿಂದ ಅಟ್ಟಣೆಗೆ ಕಾಲಿಡುವಾಗ ಬಿದ್ದವರೇ ಹೆಚ್ಚು. ಹದಿನೈದು ಇಪ್ಪತ್ತು ಅಡಿಗಳಿಂದ ಬಿದ್ದವನು ಬದುಕುಳಿದರೂ ಬೆನ್ನುಮೂಳೆ ಮುರಿದು ಜೀವನಪರ್ಯಂತ ಹಾಸಿಗೆ ಹಿಡಿಯಬಹುದು. ಆ ನೋವಿನ ಪಾಲು ಮನೆಮಂದಿಗೆಲ್ಲ.

ಆದುದರಿಂದ ಭುಜ, ಎದೆ, ತೊಡೆಗಳನ್ನು ಬಳಸುವ ರಕ್ಷಣಾಪಟ್ಟಿಯನ್ನು ನೆಲದ ಮೇಲೆಯೇ ಧರಿಸಬೇಕು. ಸೊಂಟಕ್ಕೆ ಮಾತ್ರ ಕಟ್ಟುವ ಪಟ್ಟಿ, ಬಿದ್ದವನ ಉಸಿರನ್ನೇ ಹಿಡಿದೀತು. ಮರದ ಮೇಲಿನಿಂದ ಬುಡದವರೆಗೆ ಇಳಿಬಿಟ್ಟ ಹಗ್ಗಕ್ಕೆ, ಜೊತೆಯಲ್ಲಿ ಸರಿಯುವ ಗಂಟಿನಿಂದ ಆ ಪಟ್ಟಿಯನ್ನು ಸಿಕ್ಕಿಸಿಕೊಂಡರೆ ಮೊದಲ ಹೆಜ್ಜೆಯಿಂದ ಕೊನೆಯ ಹೆಜ್ಜೆಯವರೆಗೂ ಆಧಾರ ತಪ್ಪದು. ಗಂಟು ಎತ್ತರದಲ್ಲಿದ್ದು, ಕುಳಿತಾಗ ಹಗ್ಗ ಸಡಿಲವಾಗಿರಬಾರದು. ಪಟ್ಟಿ ಹಿಡಿದುಕೊಂಡರೂ ಬಹಳ ಹೊತ್ತು ಅಲುಗಾಡದೆ ತೂಗಾಡಿದರೆ ಕಾಲುಗಳ ರಕ್ತಸಂಚಾರ ಕುಂದಿ ಪ್ರಾಣಾಪಾಯವಾಗಬಹುದು. ಅದಕ್ಕಾಗಿ ಕಾಲೂರಲು ಒಂದು ಕುಣಿಕೆ ಕೈಗೆಟಕುವಂತಿರಬೇಕು.

ಬಂದೂಕನ್ನು ಹೆಗಲಿಗೇರಿಸಿ ಹತ್ತುವುದು ಸಲ್ಲದು. ಗುಂಡು ತೆಗೆದು, ಮೇಲೆ ಕುಳಿತ ನಂತರ ಹಗ್ಗದಿಂದ ಸೇದಿಕೊಳ್ಳಬೇಕು. ವರ್ಷವಿಡೀ ಮರದಲ್ಲೇ ಬಿಟ್ಟ ಪಟ್ಟಿಗಳು ಬಿಸಿಲು ಮಳೆಗಳಿಂದ ಬಲಗುಂದುತ್ತವೆ, ಮರ ಬೆಳೆದಂತೆ ಬಿಗಿದು ಹರಿಯುತ್ತವೆ. ಕಾಲ ಮುಗಿದೊಡನೆ ಅವನ್ನು ಬಿಚ್ಚಿ ತರುವುದೇ ಲೇಸು.

ಹೊರಡುವ ಮುನ್ನ ಯಾವ ಮರ, ಎಷ್ಟು ಹೊತ್ತಿಗೆ ಹಿಂದಿರುಗುವುದು ಎಂಬುದನ್ನು ಮನೆಯಲ್ಲಿ ಹೇಳಿಡಬೇಕು. ಕತ್ತಲಾದ ಮೇಲೂ ಬಾರದಿದ್ದರೆ, ಹುಡುಕಿ ಹೊರಡುವವರಿಗೆ ಆ ಒಂದು ಮಾತೇ ದಾರಿದೀಪ.