ಯಾವ ನಿಟ್ಟೂರು?

ಕರ್ನಾಟಕದಲ್ಲಿ ನಿಟ್ಟೂರು ಒಂದೇ ಅಲ್ಲ. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ, ತೆಂಗು ಅಡಿಕೆ ತೋಟಗಳ ನಡುವೆ, ಹಳೆಯ ಜೈನ ಬಸದಿಯಿರುವ ನಿಟ್ಟೂರು ಒಂದು. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ ಇನ್ನೊಂದು. ಉಡುಪಿಯ ಮಗ್ಗುಲಲ್ಲಿ ಮತ್ತೊಂದು. ಅಶೋಕನ ಶಾಸನ ದೊರೆತ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮಗದೊಂದು. ಲಕೋಟೆಯ ಮೇಲೆ ‘ನಿಟ್ಟೂರು’ ಎಂದಷ್ಟೇ ಬರೆದರೆ ಕಾಗದ ಎಲ್ಲಿಗೆ ಹೋಗಬೇಕು? ಒಂದೇ ಹೆಸರಿನ ಊರುಗಳ ಗೊಂದಲ ತಪ್ಪಿಸಲೆಂದು ಅಂಚೆ ಇಲಾಖೆ 1972ರ ಆಗಸ್ಟ್ 15ರಂದು ಆರು ಅಂಕಿಗಳ ಪಿನ್ ಕೋಡನ್ನು ಜಾರಿಗೆ ತಂದಿತು. ವಿಳಾಸದ ತಲೆ ಹೆಸರನ್ನು ಹೇಳುತ್ತದೆ; ನಿಜವಾದ ಠಿಕಾಣಿ ಹೇಳುವುದು ಅದರ ಬಾಲ.

ಇ-ಮೇಲ್ ವಿಳಾಸಕ್ಕೂ ಇದೇ ಮಾತು ಸಲ್ಲುತ್ತದೆ. ಪತ್ರದ ನೆತ್ತಿಯ ಮೇಲೆ ಬ್ಯಾಂಕಿನ ಹೆಸರನ್ನೋ ಕಂಪನಿಯ ಹೆಸರನ್ನೋ ಯಾರು ಬೇಕಾದರೂ ಬರೆಯಬಹುದು. ನೋಡಬೇಕಾದುದು ಅದರ ಹಿಂದಿರುವ ಪೂರ್ಣ ವಿಳಾಸವನ್ನು, ಅದನ್ನೂ ಕೊನೆಯಿಂದ ಹಿಂದಕ್ಕೆ. ‘ಡಾಟ್ ಕಾಮ್’ ಎಂಬುದಕ್ಕೆ ತಾಗಿ ಎಡಕ್ಕಿರುವ ಹೆಸರೇ ಒಡೆಯನದು. ಅದಕ್ಕೂ ಎಡಕ್ಕೆ ಹೆಸರಾಂತ ಬ್ಯಾಂಕಿನ ಹೆಸರಿದ್ದರೂ ಅದು ಬರೀ ಅಲಂಕಾರ.

ಹೀಗೆ ಬೇರೆಯವರ ಹೆಸರಿನಲ್ಲಿ ಗಾಳ ಹಾಕುವುದಕ್ಕೆ ‘ಫಿಶಿಂಗ್’ ಎಂದು ಹೆಸರು. 1990ರ ದಶಕದಲ್ಲಿ ಅಮೆರಿಕದ ‘ಅಮೆರಿಕ ಆನ್‌ಲೈನ್’ ಕಂಪನಿಯ ಸಿಬ್ಬಂದಿಯ ಸೋಗಿನಲ್ಲಿ ಗ್ರಾಹಕರ ಪಾಸ್‌ವರ್ಡ್ ಕೇಳಿದವರಿಂದ ಈ ಮಾತು ಬಳಕೆಗೆ ಬಂದಿತು. ಮಾತು ಹೊಸದು, ಕೆಲಸ ಹಳೆಯದು. ತಾಮ್ರಶಾಸನಗಳ ಕಾಲದಲ್ಲೂ ಭೂಮಿಯ ಹಕ್ಕು ಸಾಧಿಸಲು ರಾಜರ ಹೆಸರಿನಲ್ಲಿ ಖೋಟಾ ಶಾಸನಗಳು ಹುಟ್ಟಿದ್ದುಂಟು. ಗಂಗರ ಮುದ್ರೆಯಲ್ಲಿ ಆನೆ, ಬಾದಾಮಿ ಚಾಲುಕ್ಯರ ಮುದ್ರೆಯಲ್ಲಿ ವರಾಹ. ಮುದ್ರೆಯನ್ನು ಅನುಕರಿಸುವುದು ಕಷ್ಟವಾಗಿರಲಿಲ್ಲ. ಶಾಸನತಜ್ಞ ಫ್ಲೀಟ್ ಗಂಗರ ಹೆಸರಿನ ಹಲವು ತಾಮ್ರಪಟಗಳನ್ನು ಕೂಟಶಾಸನಗಳೆಂದು ಹೇಳಿದಾಗ ಮುದ್ರೆಯನ್ನಷ್ಟೇ ನೋಡಲಿಲ್ಲ. ಲಿಪಿ ಆ ಕಾಲದ್ದೇ, ತಿಥಿಗೂ ವಾರಕ್ಕೂ ಹೊಂದಿಕೆಯಿದೆಯೇ ಎಂದು ಪರೀಕ್ಷಿಸಿದರು. ಕಂಪನಿಯ ಲಾಂಛನ ಇಂದಿನ ಮುದ್ರೆ. ಅದನ್ನು ನಕಲು ಮಾಡಲು ಅರೆಗಳಿಗೆ ಸಾಕು.

ಮೋಸದ ಪತ್ರದ ಇನ್ನೊಂದು ಗುರುತು ಅವಸರ. 2022ರಲ್ಲಿ ‘ಬಿಲ್ ಕಟ್ಟಿಲ್ಲ, ಇಂದು ರಾತ್ರಿ ವಿದ್ಯುತ್ ಕಡಿತವಾಗುತ್ತದೆ, ಈ ನಂಬರಿಗೆ ಕರೆ ಮಾಡಿ’ ಎಂಬ ಮೊಬೈಲ್ ಸಂದೇಶಗಳು ಹರಡಿದಾಗ, ತುಮಕೂರು ಜಿಲ್ಲೆಗೂ ವಿದ್ಯುತ್ ಒದಗಿಸುವ ಬೆಸ್ಕಾಂ ತನ್ನ ಗ್ರಾಹಕರಿಗೆ ಎಚ್ಚರಿಕೆ ನೀಡಬೇಕಾಯಿತು. ಬಂದದ್ದು ಇ-ಮೇಲ್ ಅಲ್ಲದಿದ್ದರೂ ಉಪಾಯ ಅದೇ: ಯೋಚಿಸಲು ಪುರಸೊತ್ತು ಕೊಡದಿರುವುದು.

ವ್ಯಾಪಾರಿಗಳಿಗೆ ಬೀಳುವ ಪೆಟ್ಟು ಇನ್ನೂ ದೊಡ್ಡದು. ತಿಪಟೂರಿನಿಂದ ಉತ್ತರ ಭಾರತಕ್ಕೆ ಒಂದು ಲಾರಿ ಕೊಬ್ಬರಿ ಹೋಗಿದೆ ಎಂದಿಟ್ಟುಕೊಂಡರೆ, ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಹಣವನ್ನು ಹೊಸ ಖಾತೆಗೆ ಹಾಕಿ’ ಎಂದು ಮಾರಿದವರ ಹೆಸರಿನಲ್ಲಿ ಕೊಂಡವರಿಗೆ ಪತ್ರ ಹೋಗುತ್ತದೆ. ಬಿಲ್ಲಿನ ನಮೂನೆ ಅದೇ, ಮೊತ್ತವೂ ಅದೇ. ವಿಳಾಸದಲ್ಲಿ ಒಂದೇ ಒಂದು ಅಕ್ಷರ ವ್ಯತ್ಯಾಸ. ಕೊಂಡವರು ಕೊಟ್ಟೆವೆನ್ನುತ್ತಾರೆ, ಮಾರಿದವರು ಬಂದಿಲ್ಲವೆನ್ನುತ್ತಾರೆ. ಹಣದ ಜೊತೆಗೆ ತಲೆಮಾರಿನ ನಂಬಿಕೆಯೂ ಹೋಗುತ್ತದೆ.

ಬಾಲ ತಪ್ಪಿದ್ದರೆ ಪತ್ರವನ್ನು ನಂಬಬಾರದು. ಆದರೆ ಬಾಲ ಸರಿಯಿದ್ದ ಮಾತ್ರಕ್ಕೆ ಪತ್ರ ನಿಜವೆನ್ನಲಾಗದು. ಕಳ್ಳ ನಿಜವಾದ ಇ-ಮೇಲ್ ಖಾತೆಯೊಳಗೇ ಹೊಕ್ಕಿರಬಹುದು. ಆದ್ದರಿಂದ ಹಣದ ಮಾತು ಬಂದಾಗ ಪತ್ರದಲ್ಲಿ ಕೊಟ್ಟ ನಂಬರನ್ನು ಬಿಟ್ಟು, ಮೊದಲಿನಿಂದ ತಮ್ಮಲ್ಲಿರುವ ನಂಬರಿಗೆ ಫೋನು ಮಾಡಿ ಕೇಳುವುದು ಕ್ಷೇಮ. ಲಿಂಕ್ ಒತ್ತುವ ಬದಲು ಬ್ಯಾಂಕಿನ ವಿಳಾಸವನ್ನು ತಾವೇ ಟೈಪ್ ಮಾಡಬೇಕು. ಪಾಸ್‌ವರ್ಡನ್ನಾಗಲಿ ಓಟಿಪಿಯನ್ನಾಗಲಿ ಯಾರು ಕೇಳಿದರೂ ಕೊಡಬಾರದು.

ಬಾಲದ ಮಹತ್ವವನ್ನು ರಿಸರ್ವ್ ಬ್ಯಾಂಕ್ ಕೂಡ ಮನಗಂಡಿದೆ. ದೇಶದ ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬದಲಾಗಬೇಕೆಂದು ಅದು ಸೂಚಿಸಿತು. ಇದು ಬ್ಯಾಂಕುಗಳಿಗೆ ಸಿಕ್ಕ ಪಿನ್ ಕೋಡ್ ಎನ್ನಬಹುದು.

ಮೋಸ ಹೋದವರು ನಾಚಿಕೆಯಿಂದ ಸುಮ್ಮನಿರುವುದೇ ಕಳ್ಳನಿಗೆ ಅನುಕೂಲ. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಆರಂಭವಾದದ್ದು ಬೆಂಗಳೂರಿನಲ್ಲೇ. ಕಂಪ್ಯೂಟರ್ ಬಳಸಿ ಬೇರೆಯವರ ಸೋಗಿನಲ್ಲಿ ವಂಚಿಸಿದವರಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66-ಡಿ ಕಲಮಿನಡಿ 3 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಹಣ ಹೋದ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಬೇಕು. ಹಣ ಕಳ್ಳನ ಖಾತೆಯಿಂದ ಮುಂದಕ್ಕೆ ಸಾಗುವ ಮೊದಲೇ ದೂರು ತಲುಪಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಉಂಟು. ತಡಮಾಡಿದಷ್ಟೂ ಅದು ಕೈಗೆಟುಕದ ದೂರಕ್ಕೆ ಹೋಗುತ್ತದೆ.